ಕನ್ನಿಮೂಲೆಯ ನನ್ನ ಕೋಣೆ

ಇನ್ನು ಮುಂದೆ ಮನೆ ಕಟ್ಟುವವರು ಪಂಚಾಯತಿನ ಅಪ್ಪಣೆ ಪಡೆಯಬೇಕು ಎಂದು ನಮ್ಮ ಪೇಟೆಯಲ್ಲಿ ಡಂಗುರ ಸಾರಿದ ದಿನ ಅರ್ಧ ಪೇಟೆ ಹೆದರಿತು, ಇನ್ನರ್ಧ ನಕ್ಕಿತು. ನಾನೊಬ್ಬ ಮಾತ್ರ ಎದೆ ಉಬ್ಬಿಸಿದೆ. ಅಪ್ಪಣೆಗೆ ಬೇಕಾದದ್ದೇನು? ಮನೆಯ ನಕ್ಷೆ. ನಕ್ಷೆ ಎಂದರೇನು? ಚಿತ್ರ. ಚಿತ್ರ ಬರೆಯುವವರು ಈ ಪೇಟೆಯಲ್ಲಿ ಯಾರು? ಹೈಸ್ಕೂಲಿನ ಡ್ರಾಯಿಂಗ್ ಮಾಸ್ಟರ್ ಕಮಲಾಕ್ಷ, ಅಂದರೆ ಸಾಕ್ಷಾತ್ ನಾನು! ಬಂಟ್ವಾಳದಿಂದ ಮೂಡಬಿದ್ರೆಯವರೆಗೆ ನಾಟಕದ ಪರದೆಗಳ ಮೇಲೆ ನಾನು ಎಬ್ಬಿಸಿದ ಅರಮನೆಗಳಿಗೆ ಲೆಕ್ಕವಿಲ್ಲ. ಅಂಥವನಿಗೆ ಒಂದು ಹೆಂಚಿನ ಮನೆ ಏನು ಮಹಾ?

"ಬರುವ ಸಂತೆಯ ಒಳಗೆ ಅಪ್ಪಣೆ ನನ್ನ ಕೈಯಲ್ಲಿರ್ತದೆ," ಎಂದು ಹೆಂಡತಿಗೆ ಸಾರಿದೆ.

ಅವಳು ಒಣಮೆಣಸಿನ ತೊಟ್ಟು ಮುರಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾವ ವರ್ಷದ ಸಂತೆ?" ಎಂದಳು.

ಅವಳ ಹೆಸರು ಪದ್ಮಾಕ್ಷಿ. ನನ್ನದು ಕಮಲಾಕ್ಷ. ಎರಡಕ್ಕೂ ಅರ್ಥ ಒಂದೇ. ಮದುವೆಯ ಮಾತುಕತೆಯಲ್ಲಿ ಹಿರಿಯರು ಇದನ್ನೇ ದೊಡ್ಡ ಹೊಂದಾಣಿಕೆ ಎಂದು ಹೊಗಳಿದ್ದರು. ಆ ದಿನದಿಂದ ಈ ದಿನದವರೆಗೆ ನಮ್ಮಿಬ್ಬರಿಗೆ ಹೊಂದಿಕೆಯಾದದ್ದು ಅದೊಂದೇ.

ನಾವು ಆಗ ಬಾಡಿಗೆಗೆ ಇದ್ದದ್ದು ದಿನಸಿ ಅಂಗಡಿಯ ಹಾಜಬ್ಬರ ಮನೆಯ ಹಿಂಭಾಗದಲ್ಲಿ. ಹಾಜಬ್ಬರು ಬಹಳ ಒಳ್ಳೆಯ ಮನುಷ್ಯ. ಆದರೆ ಅವರ ಮಗಳು ಸಾಲಿಹಾಳಿಗೆ ಮದುವೆ ನಿಶ್ಚಯವಾಗಿತ್ತು. ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರಲ್ಲಿ ಮದುವೆಯಾದ ಅಳಿಯ ಹೆಂಡತಿಯ ಮನೆಗೇ ಬಂದು ಇರುವುದು ಪದ್ಧತಿ. ಆ ಹೊಸ ಅಳಿಯನಿಗೆ, ಅವರ ಮಾತಿನಲ್ಲಿ ಪುದಿಯಾಪ್ಳನಿಗೆ, ಬೇರೆಯೇ ಒಂದು ಕೋಣೆ ಕೊಡಬೇಕು. ಹಾಜಬ್ಬರ ಮನೆಯಲ್ಲಿ ಕೊಡಬಹುದಾದ ಕೋಣೆ ಎಂದರೆ ನಾವು ಕುಳಿತದ್ದೇ.

"ಮಾಷ್ಟ್ರೇ, ನಿಮ್ಮನ್ನು ಏಳಿ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ," ಎಂದು ಹಾಜಬ್ಬರು ಟೊಪ್ಪಿ ತೆಗೆದು ತಲೆ ತುರಿಸಿಕೊಂಡಿದ್ದರು. "ಆದರೆ ಪುದಿಯಾಪ್ಳನನ್ನು ಅಕ್ಕಿಮುಡಿಯ ಮೇಲೆ ಮಲಗಿಸ್ಲಿಕ್ಕೆ ಆಗ್ತದಾ? ಮಳೆಗಾಲದ ಮೊದಲು ನಿಕಾ."

"ಮಳೆಗಾಲದ ಮೊದಲು ನಾವು ನಮ್ಮ ಮನೆಯಲ್ಲಿರ್ತೇವೆ ಹಾಜಬ್ಬರೇ. ನಿಮ್ಮ ಅಳಿಯನಿಗೆ ಸಿಗುದು ಒಂದು ಕೋಣೆ. ನನಗೆ ಇಡೀ ಮನೆ," ಎಂದಿದ್ದೆ ನಾನು.

ಹೇಳಿದ್ದು ಹಾಗೆ. ನಿಜವಾಗಿ ನನಗೆ ಬೇಕಾಗಿದ್ದದ್ದು ಒಂದು ಕೋಣೆಯೇ. ಓದುಗ ಮಹಾಶಯರೇ, ಕಲಾವಿದನ ಕಷ್ಟ ನಿಮಗೇನು ಗೊತ್ತು? ಆ ಬಾಡಿಗೆ ಮನೆಯಲ್ಲಿ ನಾನು ಬರೆದ ಸೂರ್ಯೋದಯದ ಮೇಲೆ ಹಲಸಿನ ಹಪ್ಪಳ ಒಣಗಿವೆ. ರಾಜಸಭೆಯ ಪರದೆಯ ಮೇಲೆ ಮೆಣಸು ಹರಡಿ, ಅದೇ ಪರದೆಯನ್ನು ನಾಟಕದ ದಿನ ಬಿಡಿಸಿದಾಗ ರಾಜನೂ ಮಂತ್ರಿಯೂ ಮಾತು ಬಿಟ್ಟು ಸೀನಿದ್ದಾರೆ. ಆದ್ದರಿಂದ ಹೊಸ ಮನೆಯಲ್ಲಿ ನನಗೊಂದು ಕೋಣೆ. ರಸ್ತೆಯ ಬದಿಗೆ ದೊಡ್ಡ ಕಿಟಕಿ. ಕಿಟಕಿಯ ಬಳಿ ಆರಾಮ ಕುರ್ಚಿ. ಆ ಕೋಣೆಗೆ ಮೆಣಸು, ಹಪ್ಪಳ, ನೆಂಟರು, ಈ ಮೂರಕ್ಕೂ ಪ್ರವೇಶವಿಲ್ಲ! ಹೊರಗೋಡೆಗೆ ತೂಗುಹಾಕಲು ನೀಲಿಯ ಮೇಲೆ ಹಳದಿ ಅಕ್ಷರದಲ್ಲಿ 'ಕಮಲಾಕ್ಷ, ಡ್ರಾಯಿಂಗ್ ಮಾಸ್ಟರ್' ಎಂಬ ಬೋರ್ಡನ್ನು ಬರೆದು ಒಣಗಿಸಿಯೂ ಆಗಿತ್ತು.

"ಮನೆಗಿಂತ ಮೊದಲು ಬೋರ್ಡಾ?" ಎಂದು ಪದ್ಮಾಕ್ಷಿ ಕೇಳಿದಳು.

"ಬೋರ್ಡು ನಿಂತರೆ ಮನೆ ತಾನಾಗಿ ಹಿಂದಿನಿಂದ ಬರ್ತದೆ," ಎಂದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಒಂದು ಇಡೀ ಭಾನುವಾರ ಕುಳಿತು ನಕ್ಷೆ ಬರೆದೆ. ಬಣ್ಣ ಹಾಕಿದೆ. ಸೋಮವಾರ ಪಂಚಾಯತಿಗೆ ಹೋಗಿ ಗುಮಾಸ್ತ ಧರ್ಣಪ್ಪನವರ ಮೇಜಿನ ಮೇಲೆ ಹರಡಿದೆ. ಅವರು ಕನ್ನಡಕ ಒರೆಸಿ ಬಹಳ ಹೊತ್ತು ನೋಡಿದರು.

"ಚೆಂದ ಉಂಟು ಮಾಷ್ಟ್ರೇ. ಈ ಕುರ್ಚಿಯಲ್ಲಿ ಕೂತದ್ದು ಯಾರು?"

"ನಾನು."

"ಈ ದನ?"

"ದನ ಇನ್ನು ತರಬೇಕಷ್ಟೆ."

"ಆಚೆಯಿಂದ ಏಳ್ತಾ ಇರುದು ಸೂರ್ಯನಾ?"

"ಹೌದು. ಆ ಬದಿ ಪೂರ್ವ ಅಂತ ತೋರಿಸ್ಲಿಕ್ಕೆ."

ಧರ್ಣಪ್ಪನವರು ನಿಟ್ಟುಸಿರು ಬಿಟ್ಟರು. "ಇದರಲ್ಲಿ ಗೋಡೆ ಎಷ್ಟು ಉದ್ದ, ಬಾಗಿಲು ಎಲ್ಲಿ, ಎಂತದೂ ಗೊತ್ತಾಗುದಿಲ್ಲ. ಎದುರಿನಿಂದ ನೋಡಿ ಬರೆದರೆ ಆಗುದಿಲ್ಲ ಮಾಷ್ಟ್ರೇ. ಮೇಲಿನಿಂದ ನೋಡಿ ಬರೀಬೇಕು."

ಅಷ್ಟೇ ತಾನೆ? ಮನೆಗೆ ಬಂದು ಆಕಾಶದಲ್ಲಿ ಹಾರುವ ಗರುಡನ ಕಣ್ಣಿನಿಂದ ನನ್ನ ಮನೆಯನ್ನು ನೋಡಿದೆ. ಮೇಲಿನಿಂದ ಏನು ಕಾಣುತ್ತದೆ? ಹೆಂಚು! ಒಂದೊಂದೇ ಹೆಂಚನ್ನು ನೆರಳು ಬೆಳಕಿನ ಸಮೇತ ಬರೆದೆ. ಮುಗಿಸುವಾಗ ನನ್ನ ಕಣ್ಣು ಹೆಂಚಿಗಿಂತ ಕೆಂಪಾಗಿತ್ತು.

"ಹೆಂಚಿನ ಮಾಡು ಯಾಕೆ ಬರೆದದ್ದು?" ಎಂದರು ಧರ್ಣಪ್ಪ. "ಮಾಡು ತೆಗೆದು ಒಳಗೆ ನೋಡಬೇಕು."

"ಅಲ್ಲ ಮಾರಾಯ್ರೆ, ಮಾಡು ಇನ್ನೂ ಹಾಕಿಯೇ ಇಲ್ಲ, ಆಗಲೇ ತೆಗೀಬೇಕಾ?"

"ತೆಗೀಬೇಕು."

ತೆಗೆದೆ. ಬಣ್ಣ ತೆಗೆದೆ, ದನ ತೆಗೆದೆ, ಸೂರ್ಯನನ್ನು ತೆಗೆದೆ. ಉಳಿದದ್ದು ಕೊಯ್ಲು ಮುಗಿದ ಗದ್ದೆಯ ಬದುಗಳಂತೆ ಕಾಣುವ ನಾಲ್ಕು ಗೆರೆಗಳು. ಅದನ್ನು ನೋಡಿದ ಧರ್ಣಪ್ಪನವರು, "ಈಗ ಮನೆ ಕಾಣ್ತದೆ," ಎಂದು ಹೊಗಳಿದರು! ಕಲೆಯ ವಿಷಯದಲ್ಲಿ ನನಗೆ ಆ ದಿನ ವೈರಾಗ್ಯವೇ ಬಂತು. ಆದರೂ ಸ್ವಾಭಿಮಾನ ಬಿಡದೆ, ರಸ್ತೆ ಬದಿಯ ನನ್ನ ಕೋಣೆಯೊಳಗೆ ಒಂದು ಪುಟ್ಟ ಆರಾಮ ಕುರ್ಚಿಯನ್ನು ಬರೆದಿದ್ದೆ. ಅದನ್ನು ಅವರು ಕಂಡೂ ಕಾಣದವರಂತೆ ಬಿಟ್ಟರು.

"ಅರ್ಜಿ ಯಾರದ್ದು?" ಎಂದು ಕೇಳಿದರು.

"ನನ್ನದು."

"ಜಾಗ ಯಾರದ್ದು?"

ಜಾಗ ಪದ್ಮಾಕ್ಷಿಯದು. ನಮ್ಮದು ಅಳಿಯಕಟ್ಟು. ಆಸ್ತಿ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಗಂಡನಾದವನು ಹೆಂಡತಿಯ ಮನೆಯಲ್ಲಿ ಗೌರವದ ನೆಂಟ, ಅಷ್ಟೆ. ಇಷ್ಟು ವರ್ಷ ನಾನು ಬಾಡಿಗೆ ಮನೆಯಲ್ಲಿ ಹಪ್ಪಳದ ಅಡಿಯಲ್ಲಿ ಬದುಕಿದ್ದಕ್ಕೆ ಕಾರಣವೂ ಇದೇ. ನೆಂಟನಾಗಿರಲು ನನಗೆ ಮನಸ್ಸಿರಲಿಲ್ಲ.

"ಜಾಗ ಹೆಂಡತಿಯದು," ಎಂದೆ ಮೆಲ್ಲಗೆ.

"ಹಾಗಾದರೆ ಅರ್ಜಿ ಅವರದ್ದು. ನೀವು ತಂದುಕೊಟ್ಟವರು," ಎಂದು ಧರ್ಣಪ್ಪನವರು ನಕ್ಷೆಯನ್ನು ಮಡಚಿಟ್ಟರು. "ಇನ್ನು ಓವರ್‌ಸಿಯರ್ ಬಂದು ಜಾಗ ನೋಡಬೇಕು. ಬೆಳ್ತಂಗಡಿ ಕಡೆಯ ಊರುಗಳಿಗೂ ಅವರೊಬ್ಬರೇ."

"ಯಾವಾಗ ಬರ್ತಾರೆ?"

"ಸೈಕಲ್ ಸರಿಯಾದ ಮೇಲೆ. ಮಡಂತ್ಯಾರಿನಲ್ಲಿ ರಿಪೇರಿಗೆ ಕೊಟ್ಟಿದ್ದಾರಂತೆ."

ಸಂತೆಯ ದಿನ ಬಂತು. ಸಂಜೆ ಪದ್ಮಾಕ್ಷಿ ಚೀಲ ಕೆಳಗಿಟ್ಟು ಹೇಳಿದಳು: "ಸಂತೆಯಲ್ಲಿ ನನಗೆ ಒಳ್ಳೆ ಬೂತಾಯಿ ಸಿಕ್ಕಿತು. ನಿಮಗೆ ಅಪ್ಪಣೆ ಸಿಕ್ಕಿತಾ?"

ನಾನು ಊಟಕ್ಕೆ ಕುಳಿತೆ. ಮೀನಿನ ಸಾರು ಬಹಳ ರುಚಿಯಾಗಿತ್ತು.

ಅಷ್ಟರಲ್ಲಿ ವೇಣೂರಿನಿಂದ ಮುಂಡಪ್ಪ ಮಾವ ಬಂದಿಳಿದರು. ಇವರು ಪದ್ಮಾಕ್ಷಿಯ ಸೋದರಮಾವ, ಆ ಮನೆತನದ ಯಜಮಾನ. ಜೊತೆಯಲ್ಲಿ ಬಡಗಿ ಶಂಭು ಆಚಾರಿ. ಆಚಾರಿಯ ಕೈಯಲ್ಲಿ ಹಲಸಿನ ಮರದ ಒಂದು ಗೂಟ.

ನಮ್ಮ ಕಡೆ ಮನೆ ಕಟ್ಟುವುದೆಂದರೆ ಮೊದಲು ಕುತ್ತಿ ಹಾಕಬೇಕು. ಆಚಾರಿ ಪೂಜೆ ಮಾಡಿ ಆ ಗೂಟವನ್ನು ಕನ್ನಿಮೂಲೆಯಲ್ಲಿ, ಅಂದರೆ ನೈಋತ್ಯದಲ್ಲಿ, ಹೊಡೆಯುತ್ತಾರೆ. ಮನೆಯ ಅಳತೆ ಅಲ್ಲಿಂದ ಶುರು. ಒಮ್ಮೆ ಹೊಡೆದ ಕುತ್ತಿಯನ್ನು ಮತ್ತೆ ಕೀಳುವಂತಿಲ್ಲ. ನಮ್ಮ ಜಾಗಕ್ಕೆ ಪಶ್ಚಿಮದಲ್ಲಿ ಬಸ್ಸು ಹೋಗುವ ರಸ್ತೆ. ಆದ್ದರಿಂದ ಕನ್ನಿಮೂಲೆ ಎಂದರೆ ರಸ್ತೆಯ ಬದಿಯ ಮೂಲೆ. ರಸ್ತೆಯ ಬದಿಯ ಮೂಲೆ ಎಂದರೆ ನನ್ನ ಕೋಣೆ! ಶಾಸ್ತ್ರವೂ ನನ್ನ ಆಸೆಯೂ ಒಂದೇ ಜಾಗದಲ್ಲಿ ಬಂದು ನಿಂತದ್ದು ಕಂಡು ನನಗೆ ಹಿಡಿಸಲಾರದ ಸಂತೋಷವಾಯಿತು.

"ನಾಳೆ ಬೆಳಿಗ್ಗೆ ಮುಹೂರ್ತ," ಎಂದರು ಮಾವ. "ಇದು ತಪ್ಪಿದರೆ ಇನ್ನು ಬೇಸಗೆಯ ಕೊನೆಗೆ, ಪಗ್ಗು ತಿಂಗಳಲ್ಲಿ. ಆಗ ಶುರು ಮಾಡಿದರೆ ಗೋಡೆ ಏಳುವ ಮೊದಲು ಮಳೆ ಹಿಡೀತದೆ."

"ಪಂಚಾಯತಿನ ಅಪ್ಪಣೆ ಇನ್ನೂ ಬರಲಿಲ್ಲ ಮಾವ," ಎಂದಳು ಪದ್ಮಾಕ್ಷಿ.

"ದೈವದ ಹತ್ತಿರ ಅಪ್ಪಣೆ ಕೇಳಿ ಆಯ್ತು. ಅದರ ಮೇಲೆ ಪಂಚಾಯತಿನದ್ದು ಎಂಥ ಅಪ್ಪಣೆ?"

"ಓವರ್‌ಸಿಯರ್ ಒಮ್ಮೆ ಬಂದು ನೋಡಿ ಹೋಗಲಿ. ಅವರನ್ನು ಕರೆಸಿ ಆಮೇಲೆ ಕುತ್ತಿ ಹಾಕುವ," ಎಂದು ಅವಳು ನನ್ನ ಕಡೆ ನೋಡಿದಳು.

ನಾನು ಆಗ ತಲೆ ಆಡಿಸಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆಡಿಸಲಿಲ್ಲ. "ಓವರ್‌ಸಿಯರ್ ಬರುದು ನೋಡ್ಲಿಕ್ಕೆ. ನೋಡ್ಲಿಕ್ಕೆ ಅಲ್ಲಿ ಎಂತಾದರೂ ಬೇಡವಾ? ಕುತ್ತಿ ಹಾಕುವ," ಎಂದೆ ಗಂಭೀರವಾಗಿ.

ಮರುದಿನ ಬೆಳಿಗ್ಗೆ ಶಂಭು ಆಚಾರಿ ಹಗ್ಗ ಹಿಡಿದು ಮೂಲೆ ಗುರುತಿಸಿದರು. ಅದು ರಸ್ತೆಯಿಂದ ಸಾಕಷ್ಟು ಒಳಗೆ ಇತ್ತು. ನನಗೆ ತೃಪ್ತಿಯಾಗಲಿಲ್ಲ.

"ಸ್ವಲ್ಪ ಮುಂದೆ ಹಾಕುವ ಆಚಾರಿಗಳೇ. ರಸ್ತೆಯ ಕಡೆಗೆ."

"ಯಾಕೆ ಮಾಷ್ಟ್ರೇ?"

"ಬಸ್ಸಿನಲ್ಲಿ ಕೂತವರಿಗೆ ಬೋರ್ಡು ಓದ್ಲಿಕ್ಕೆ ಆಗಬೇಕು."

ಆಚಾರಿ ಸರಿದರು. ನಾನು ರಸ್ತೆಯ ನಡುವೆ ನಿಂತು ಬಸ್ಸಿನ ಕಿಟಕಿಯಲ್ಲಿ ಕುಳಿತವನಂತೆ ಕತ್ತು ಹೊರಳಿಸಿ ನೋಡಿದೆ. "ಇನ್ನೂ ಸ್ವಲ್ಪ," ಎಂದೆ. ಮತ್ತೆ ಸರಿದರು. "ಇನ್ನೊಂದು ಚೂರು," ಎಂದೆ.

"ಇನ್ನೂ ಮುಂದೆ ಹೋದರೆ ಮನೆಗೆ ಬಸ್ಸಿನ ಟಿಕೆಟ್ ತೆಗೀಬೇಕಾಗ್ತದೆ," ಎಂದಳು ಪದ್ಮಾಕ್ಷಿ.

ಯಾರೂ ಅವಳ ಮಾತಿಗೆ ಗಮನ ಕೊಡಲಿಲ್ಲ. ತೆಂಗಿನಕಾಯಿ ಒಡೆಯಿತು. ಆಚಾರಿ ಕುತ್ತಿಯ ತಲೆಗೆ ಅರಸಿನ ಕುಂಕುಮ ಹಚ್ಚಿ, ದಾಸವಾಳ ಇಟ್ಟು, ಮರದ ಕೊಡತಿ ಎತ್ತಿ ಹೊಡೆದರು. ಪ್ರತಿ ಪೆಟ್ಟಿಗೂ ನನ್ನ ಎದೆಯೊಳಗೆ ಒಂದೊಂದು ಗೋಡೆ ಎದ್ದಿತು. ಕೊನೆಯ ಪೆಟ್ಟಿಗೆ ಕಿಟಕಿಯೂ ಕೂತಿತು!

"ಇನ್ನು ಇದನ್ನು ಬ್ರಹ್ಮ ಬಂದರೂ ಅಲ್ಲಾಡಿಸಬಾರದು," ಎಂದರು ಆಚಾರಿ, ಬೆವರು ಒರೆಸಿಕೊಳ್ಳುತ್ತ.

ಬಂದದ್ದು ಬ್ರಹ್ಮನಲ್ಲ, ಓವರ್‌ಸಿಯರ್. ನಾವು ಬೆಲ್ಲ ಅವಲಕ್ಕಿ ಹಂಚುತ್ತಿರುವಾಗ ರಸ್ತೆಯಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ರಿಪೇರಿಯಾಗಿ ಹೊಳೆಯುತ್ತಿದ್ದ ಸೈಕಲ್ಲಿನಿಂದ ಒಬ್ಬ ತೆಳ್ಳಗಿನ ಯುವಕ ಇಳಿದ. ಹ್ಯಾಂಡಲಿಗೆ ಅಳೆಯುವ ಟೇಪಿನ ಚೀಲ ತೂಗುತ್ತಿತ್ತು.

"ಒಳ್ಳೆ ಹೊತ್ತಿಗೇ ಬಂದಿರಿ," ಎಂದು ಎಲೆ ತುಂಬ ಅವಲಕ್ಕಿ ಕೊಟ್ಟೆ. ಆತ ಸಂಕೋಚವಿಲ್ಲದೆ ತಿಂದ, ಬಾಳೆಹಣ್ಣೂ ತಿಂದ, ಕೈ ತೊಳೆದ. ಆಮೇಲೆ ಟೇಪು ಬಿಚ್ಚಿ ರಸ್ತೆಯ ನಡುವಿನಿಂದ ಅಳೆಯುತ್ತ ಬಂದ. ಕುತ್ತಿಯ ಬಳಿ ತಲುಪಿದಾಗ ನಿಂತ. ಮತ್ತೆ ಹೋಗಿ ಅಳೆದ. ಮತ್ತೆ ನಿಂತ.

"ಇದು ಆಗುದಿಲ್ಲ," ಎಂದ.

"ಯಾವುದು?"

"ಈ ಗೂಟ. ರಸ್ತೆಗೆ ಬಿಡಬೇಕಾದ ಮಿತಿಯ ಒಳಗೆ ಉಂಟು. ಮನೆ ಇಲ್ಲಿ ಬರ್ಲಿಕ್ಕಿಲ್ಲ, ಹಿಂದೆ ಹೋಗಬೇಕು. ಇದನ್ನು ಕಿತ್ತು ಅಲ್ಲಿ ಹಾಕಿ."

ಒಮ್ಮೆಲೇ ಎಲ್ಲರ ಬಾಯಿಯ ಅವಲಕ್ಕಿ ಒಣಗಿತು. ಮುಂಡಪ್ಪ ಮಾವ ಎದ್ದು ನಿಂತರು.

"ಕೀಳುದಾ? ಯಾರು ಹೇಳಿದ್ದು?"

"ರೂಲು ಹೇಳುದು."

"ಕುತ್ತಿ ಕೀಳುವ ಕ್ರಮ ನಮ್ಮಲ್ಲಿಲ್ಲ."

"ರಸ್ತೆ ಸರಿಸುವ ಕ್ರಮ ನಮ್ಮಲ್ಲೂ ಇಲ್ಲ."

ನಾನು ಇಬ್ಬರ ನಡುವೆ ಹಾರಿದೆ. "ರಸ್ತೆಯನ್ನು ಪೂರಾ ಸರಿಸುದು ಬೇಡ. ಇಲ್ಲಿ ಮಾತ್ರ ಒಂದು ಚೂರು ಬಗ್ಗಿಸಿದರೆ ಸಾಕು. ಬಗ್ಗಿದ ರಸ್ತೆ ನೋಡ್ಲಿಕ್ಕೂ ಚೆಂದ. ಚಿತ್ರ ನಾನೇ ಬರೆದುಕೊಡ್ತೇನೆ," ಎಂದೆ.

ಆ ಯುವಕ ನನ್ನನ್ನು ಕನಿಕರದಿಂದ ನೋಡಿದ. "ಅಧ್ಯಕ್ಷರ ಹತ್ತಿರ ಬೇಕಾದರೆ ಕೇಳಿ. ನೀವು ಬರುವವರೆಗೆ ನಾನು ಇನ್ನೊಂದು ಬಾಳೆಹಣ್ಣು ತಿಂತೇನೆ."

ಓಡಿದೆ. ಪಂಚೆ ಎತ್ತಿ ಕಟ್ಟಿ ಪೇಟೆಯ ಈ ತುದಿಯಿಂದ ಆ ತುದಿಗೆ ಡ್ರಾಯಿಂಗ್ ಮಾಸ್ಟರು ಓಡುವುದನ್ನು ನೋಡಿ ಅಂಗಡಿಯವರು ಎಲ್ಲಿಯೋ ಬೆಂಕಿ ಬಿದ್ದಿದೆ ಎಂದುಕೊಂಡರು. ಇಬ್ಬರು ಕೊಡಪಾನ ಹಿಡಿದು ನನ್ನ ಹಿಂದೆಯೇ ಓಡಿ ಬಂದರು! ಪಂಚಾಯತಿನ ಅಧ್ಯಕ್ಷರು ಮೈಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕುಳಿತಿದ್ದರು. ನಾನು ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದೆ.

"ಮಿತಿ ಬಿಡಲೇಬೇಕು ಮಾಷ್ಟ್ರೇ. ರೂಲು ಎಲ್ಲರಿಗೂ ಒಂದೇ," ಎಂದರು ಅವರು.

"ಹಾಗಾದರೆ ಕುತ್ತಿ ಕೀಳಿ ಅಂತ ನೀವೇ ಒಂದು ಮಾತು ಹೇಳಿ. ನಮ್ಮ ಮಾವ ನಿಮ್ಮ ಮಾತು ಕೇಳ್ತಾರೆ."

ಅಧ್ಯಕ್ಷರು ಆಚೆ ಈಚೆ ನೋಡಿ ದನಿ ಇಳಿಸಿದರು. "ಮಕ್ಕಳು ಮರಿ ಇರುವ ಮನೆ ನಮ್ಮದು. ಆ ಮಾತು ನನ್ನ ಬಾಯಿಂದ ಬರುದು ಬೇಡ ಮಾರಾಯ್ರೆ. ಮಿತಿ ಬಿಡಿ. ಕುತ್ತಿಯ ವಿಷಯ ನನಗೆ ಗೊತ್ತಿಲ್ಲ."

ಓಡಿ ಹೋದ ದಾರಿಯಲ್ಲೇ ನಡೆದು ಬಂದೆ. ಕೊಡಪಾನದವರೂ ಬಂದರು. ಇಲ್ಲಿ ನೋಡಿದರೆ ಜಾಗದ ತುಂಬ ಜನ. ಸುದ್ದಿ ಕೇಳಿ ಹಾಜಬ್ಬರೂ ಅಂಗಡಿ ಬಿಟ್ಟು ಬಂದಿದ್ದರು. ಮುಂಡಪ್ಪ ಮಾವ ಒಂದು ಹಾರೆಯನ್ನು ಓವರ್‌ಸಿಯರನ ಮುಂದೆ ಹಿಡಿದು ನಿಂತಿದ್ದರು.

"ಕೀಳಿ ಅಂತ ಹೇಳಿದವರು ನೀವು. ನೀವೇ ಕೀಳಿ."

ಯುವಕ ಕುತ್ತಿಯನ್ನು ನೋಡಿದ. ಅರಸಿನ ಇನ್ನೂ ಹಸಿಯಾಗಿತ್ತು. ದಾಸವಾಳ ಅವನನ್ನೇ ನೋಡುತ್ತಿತ್ತು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನನ್ನ ಕೆಲಸ ಅಳೆಯುದು ಮಾತ್ರ," ಎಂದ. ಆಮೇಲೆ ಮೆಲ್ಲಗೆ, "ಬರುವ ತಿಂಗಳು ನನ್ನ ಮದುವೆ," ಎಂದ.

ಹಾರೆ ಆಚಾರಿಯ ಕಡೆ ತಿರುಗಿತು. "ಹಾಕಿದವನು ಕೀಳ್ಲಿಕ್ಕಿಲ್ಲ," ಎಂದರು ಅವರು.

ನನಗೆ ರೋಷ ಉಕ್ಕಿತು. ಇದು ಇಪ್ಪತ್ತನೆಯ ಶತಮಾನ! ರಾಕೆಟ್ಟಿನಲ್ಲಿ ಕುಳಿತು ಮನುಷ್ಯ ಆಕಾಶಕ್ಕೆ ಹೋಗಿ ಬಂದ ಕಾಲ! ಒಂದು ಹಲಸಿನ ಗೂಟಕ್ಕೆ ಹೆದರುವುದೇ? "ಕೊಡಿ ಇಲ್ಲಿ," ಎಂದು ಹಾರೆಯನ್ನು ಕಸಿದುಕೊಂಡು ಮುನ್ನುಗ್ಗಿದೆ. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಹಾರೆ ಎತ್ತಿದೆ.

"ಕೀಳಬಹುದು," ಎಂದರು ಶಂಭು ಆಚಾರಿ, ವೀಳ್ಯಕ್ಕೆ ಸುಣ್ಣ ಹಚ್ಚುತ್ತ. "ಕಿತ್ತವನಿಗೆ ಆಗಿಬರುದಿಲ್ಲ, ಅಷ್ಟೆ."

ಎತ್ತಿದ ಹಾರೆ ಮೇಲೆಯೇ ಉಳಿಯಿತು. ವಿಜ್ಞಾನದ ಮೇಲೆ ನನಗೆ ಇಂದಿಗೂ ಅಪಾರ ಗೌರವವಿದೆ. ಹಾರೆಯನ್ನು ಬಹಳ ಮೆಲ್ಲಗೆ, ಕುತ್ತಿಯನ್ನು ಮುಟ್ಟದ ಹಾಗೆ, ದೂರದಲ್ಲಿ ಇಟ್ಟು ಬಂದೆ.

"ಹಾಗಾದರೆ ಅಪ್ಪಣೆ ಇಲ್ಲ," ಎಂದು ಓವರ್‌ಸಿಯರ್ ಟೇಪು ಸುತ್ತತೊಡಗಿದ. "ನಾನು ಇನ್ನು ಈ ಕಡೆ ಬರುದು ಮಳೆಗಾಲ ಮುಗಿದ ಮೇಲೆ."

ಹಾಜಬ್ಬರ ಮುಖ ಬಾಡಿತು. "ಮಾಷ್ಟ್ರೇ, ನಿಕಾದ ದಿನ ಗೊತ್ತಾಗಿದೆ. ಅಳಿಯನ ಕಡೆಯವರಿಗೆ ಕೋಣೆ ತೋರಿಸಿಯೂ ಆಗಿದೆ. ನಾನು ಎಂತ ಮಾಡುದು?" ಎಂದರು. ಆ ಒಳ್ಳೆಯ ಮನುಷ್ಯನ ದನಿ ಕೇಳಿ ನನಗೆ ನಿಜವಾಗಿ ನಾಚಿಕೆಯಾಯಿತು. ಬಸ್ಸಿನವರು ಬೋರ್ಡು ಓದಬೇಕೆಂದು ಎಲ್ಲರ ಕುತ್ತಿಗೆಗೆ ಈ ಗಂಟು ಬಿಗಿದವನು ನಾನೇ.

ಆಗ ಇಷ್ಟು ಹೊತ್ತು ಎಲೆ ಎತ್ತಿ ನೆಲ ಗುಡಿಸುತ್ತಿದ್ದ ಪದ್ಮಾಕ್ಷಿ ಹಿಡಿಸೂಡಿ ಕೆಳಗಿಟ್ಟು ಓವರ್‌ಸಿಯರನ ಸೈಕಲ್ಲಿನ ಹ್ಯಾಂಡಲ್ ಹಿಡಿದಳು.

"ತಮ್ಮಾ, ಒಂದು ಮಾತು. ಮಿತಿಯ ಒಳಗೆ ಎಂತೆಂತ ಇರಬಾರದು?"

"ಕಟ್ಟಡ ಇರಬಾರದು ಅಕ್ಕಾ."

"ಕಟ್ಟಡ ಅಂದರೆ?"

"ಗೋಡೆ, ಮಾಡು."

"ಕಟ್ಟೆ?"

ಯುವಕ ಟೇಪು ಸುತ್ತುವುದನ್ನು ನಿಲ್ಲಿಸಿದ. "ಕಟ್ಟೆ ಕಟ್ಟಡ ಅಲ್ಲ. ಗೋಡೆಯೂ ಇಲ್ಲ, ಮಾಡೂ ಇಲ್ಲ."

"ಹಾಗಾದರೆ ಕುತ್ತಿ ಇದ್ದಲ್ಲೇ ಇರಲಿ. ಅದರ ಸುತ್ತ ಒಂದು ಕಟ್ಟೆ ಕಟ್ಟುವ. ಗೋಡೆಗಳು ಹಿಂದೆ ಹೋಗಲಿ. ಆಚಾರಿಗಳೇ, ಕಟ್ಟೆಯೂ ಮನೆಗೆ ಸೇರಿದ್ದೇ ಅಲ್ವಾ? ಮೂಲೆ ತಪ್ಪಿತಾ?"

ಆಚಾರಿ ವೀಳ್ಯ ಜಗಿಯುತ್ತ ಯೋಚಿಸಿದರು. "ತಪ್ಪಲಿಲ್ಲ. ಮನೆಗೆ ಸೇರಿದ್ದು ಅಂತ ಆಗಬೇಕಾದರೆ ಮನೆಯವರು ಯಾರಾದರೂ ದಿನಾ ಅಲ್ಲಿ ಕೂರಬೇಕು. ಕೋಣೆಯ ಹಾಗೆ."

"ಅದಕ್ಕೆ ಜನ ಉಂಟು," ಎಂದಳು ಪದ್ಮಾಕ್ಷಿ.

ಎಲ್ಲರೂ ತಿರುಗಿ ನನ್ನನ್ನು ನೋಡಿದರು.

"ಕುತ್ತಿ ಅಲ್ಲಾಡುದಿಲ್ಲ ಅಂತಾದರೆ ನನ್ನದು ಎಂತದೂ ಇಲ್ಲ," ಎಂದರು ಮುಂಡಪ್ಪ ಮಾವ.

ಓವರ್‌ಸಿಯರ್ ಸೈಕಲ್ಲಿನ ಸೀಟಿನ ಮೇಲೆ ನನ್ನ ನಕ್ಷೆಯನ್ನು ಹರಡಿದ. "ಗೋಡೆ ಹಿಂದೆ ಹೋದರೆ ಹಿಂದೆ ಬಾವಿ ಉಂಟು. ಜಾಗ ಸಾಲುದಿಲ್ಲ. ಒಂದು ಕೋಣೆ ಬಿಡಬೇಕು. ಯಾವುದು ಬಿಡುದು?"

"ಅಡಿಗೆಮನೆ ಬಿಡ್ಲಿಕ್ಕೆ ಆಗುದಿಲ್ಲ," ಎಂದಳು ಪದ್ಮಾಕ್ಷಿ.

"ದೈವದ ಕೋಣೆ ಮುಟ್ಟುವ ಹಾಗಿಲ್ಲ," ಎಂದರು ಮಾವ.

"ಮಕ್ಕಳ ಕೋಣೆ ಬೇಕು. ನಾಳೆ ಮನೆ ಅವರದ್ದೇ," ಎಂದರು ಆಚಾರಿ. ನಮಗೆ ಇಬ್ಬರೂ ಹೆಣ್ಣುಮಕ್ಕಳು.

ಮತ್ತೆ ಎಲ್ಲರೂ ತಿರುಗಿ ನನ್ನನ್ನು ನೋಡಿದರು.

ಓವರ್‌ಸಿಯರ್ ಕಿವಿಯ ಮೇಲಿದ್ದ ಪೆನ್ಸಿಲು ತೆಗೆದ. ನಾನು ಮೂರು ಸಲ ಬರೆದ, ಕಣ್ಣು ಕೆಂಪು ಮಾಡಿಕೊಂಡು ಬರೆದ ನಕ್ಷೆಯ ಮೇಲೆ, ಕನ್ನಿಮೂಲೆಯ ನನ್ನ ಕೋಣೆಗೆ ಅಡ್ಡಲಾಗಿ, ಆ ಪುಟ್ಟ ಆರಾಮ ಕುರ್ಚಿಯ ಮೇಲೆಯೇ, ಒಂದು ಗೆರೆ ಎಳೆದ. ಅದೂ ಸೊಟ್ಟಗೆರೆ! ಎಂಟನೇ ತರಗತಿಯ ಮಕ್ಕಳು ಹಾಗೆ ಎಳೆದರೆ ನಾನು ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ನನಗೆ ಅಳು ಬಂತು. ಆದರೆ ಹಾಜಬ್ಬರು ಎರಡೂ ಕೈಯಲ್ಲಿ ನನ್ನ ಕೈ ಹಿಡಿದು, "ನಿಮ್ಮ ಹೆಂಡತಿಗೆ ಅಲ್ಲಾಹು ಒಳ್ಳೇದು ಮಾಡಲಿ," ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಎದುರಿನಲ್ಲಿ ಅಳುವುದಕ್ಕೂ ನನಗೆ ಅವಕಾಶ ಸಿಗಲಿಲ್ಲ.

ಅಪ್ಪಣೆ ಮರುದಿನವೇ ಬಂತು, ಪದ್ಮಾಕ್ಷಿಯ ಹೆಸರಿಗೆ. ಕೆಂಪುಕಲ್ಲಿನ ಗೋಡೆಗಳು ಎದ್ದವು, ಹೆಂಚು ಕೂತಿತು, ಮಳೆ ಹಿಡಿಯುವ ಮೊದಲು ಹೊಸ ಮನೆಗೆ ಒಕ್ಕಲಾದೆವು. ಸಾಲಿಹಾಳ ಮದುವೆಯೂ ಗೊತ್ತುಮಾಡಿದ ದಿನವೇ ನಡೆಯಿತು. ಬೋರ್ಡಿನ ವಿಷಯದಲ್ಲಿ ನಾನು ಹಟ ಬಿಡಲಿಲ್ಲ. ಕಟ್ಟೆಯ ಬದಿಯಲ್ಲಿ ಒಂದು ಕಂಬ ನೆಟ್ಟು ತೂಗುಹಾಕಿದೆ. ನಾನು ಹೇಳಿದ ಮಾತು ಅಕ್ಷರಶಃ ನಿಜವಾಯಿತು. ಬೋರ್ಡು ರಸ್ತೆಯ ಬದಿಯಲ್ಲಿ ಮೊದಲು ನಿಂತಿತು, ಮನೆ ಹಿಂದಿನಿಂದ, ಬಹಳ ಹಿಂದಿನಿಂದ, ಬಂತು!

ಒಕ್ಕಲಿನ ಊಟಕ್ಕೆ ಬಂದ ಹಾಜಬ್ಬರು ಮನೆಯನ್ನೆಲ್ಲ ಸುತ್ತಿ ನೋಡಿದರು.

"ಮಾಷ್ಟ್ರೇ, ನನ್ನ ಅಳಿಯನೂ ಹೆಂಡತಿಯ ಮನೆಯಲ್ಲಿರುದು. ನೀವೂ ಹೆಂಡತಿಯ ಮನೆಯಲ್ಲಿರುದು. ಆದರೆ ಅವನಿಗೆ ಒಂದು ಕೋಣೆ ಸಿಕ್ಕಿತು," ಎಂದರು. ಹಂಗಿಸಲು ಹೇಳಿದ್ದಲ್ಲ, ಪಾಪ. ನಿಜವಾದ ಕನಿಕರದಿಂದಲೇ ಹೇಳಿದರು.

"ನನಗೂ ಉಂಟು ಹಾಜಬ್ಬರೇ. ಮಾಡು ಮಾತ್ರ ಇಲ್ಲ," ಎಂದೆ.

ಮಳೆಗಾಲವಿಡೀ ನನ್ನ ಕೋಣೆಯಲ್ಲಿ ಕಪ್ಪೆಗಳಿದ್ದವು. ಮಳೆ ಬಿಟ್ಟ ಮೇಲೆ ನಾನು ಆರಾಮ ಕುರ್ಚಿಯನ್ನು ಹೊತ್ತೊಯ್ದು ಕಟ್ಟೆಯ ಮೇಲಿಟ್ಟು, ಕುತ್ತಿಯ ಪಕ್ಕದಲ್ಲಿ ಕಾಲು ಚಾಚಿ ಕುಳಿತೆ. ಬಸ್ಸು ಬಂತು. ಕಿಟಕಿಯಲ್ಲಿ ಕುಳಿತವರೆಲ್ಲ ಬೋರ್ಡು ಓದಿದರು. ನನ್ನ ಜನ್ಮ ಸಾರ್ಥಕವಾಯಿತು ಎಂದುಕೊಳ್ಳುವಷ್ಟರಲ್ಲಿ ಬಸ್ಸು ನಿಂತಿತು. ಎತ್ತರವಾದ, ನುಣ್ಣಗಿನ, ರಸ್ತೆ ಬದಿಯ ಮರದ ನೆರಳು ಬೀಳುವ ಕಟ್ಟೆ ಕಂಡು ಇಬ್ಬರು ಅಲ್ಲೇ ಇಳಿದರು. ಮರುದಿನ ನಾಲ್ವರು ಅಲ್ಲೇ ಹತ್ತಿದರು. ದೀಪಾವಳಿ ಕಳೆಯುವಷ್ಟರಲ್ಲಿ ಕಂಡಕ್ಟರ್ ದೂರದಿಂದಲೇ, "ಡ್ರಾಯಿಂಗ್ ಮಾಸ್ಟರ್ ಕಟ್ಟೆ, ಇಳಿಯುವವರು ಮುಂದೆ ಬನ್ನಿ," ಎಂದು ಕೂಗತೊಡಗಿದ. ಬಂಟ್ವಾಳದಿಂದ ಮೂಡಬಿದ್ರೆಯವರೆಗೆ ನನ್ನ ಹೆಸರು ಹೇಳದ ಬಸ್ಸಿಲ್ಲ ಎಂದಾಯಿತು!

ಮೊನ್ನೆ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಶಾಲೆ ಬಿಟ್ಟು ಬಿಸಿಲಿನಲ್ಲಿ ನಡೆದು ಬಂದೆ. ನನ್ನ ಕೋಣೆಯಲ್ಲಿ ಸ್ವಲ್ಪ ಹೊತ್ತು ಕುಳಿತು ದಣಿವಾರಿಸಿಕೊಳ್ಳೋಣ ಎಂದು ನೋಡಿದರೆ ಕಟ್ಟೆಯ ಬಿಸಿಲಿನ ಬದಿಯಲ್ಲಿ ಸಾಲಾಗಿ ಮೆಣಸು ಒಣಗುತ್ತಿದೆ. ನೆರಳಿನ ಬದಿಯಲ್ಲಿ ಜನ. ಆರಾಮ ಕುರ್ಚಿಯಲ್ಲಿ ಪೊಳಲಿಗೆ ಹೋಗುವ ಒಬ್ಬಳು ಅಜ್ಜಿ, ಮಡಿಲಲ್ಲಿ ಒಂದು ಕೋಳಿ. ನಾನು ಅವಳ ಎದುರಿಗೆ ಹೋಗಿ ನಿಂತೆ.

"ಇಲ್ಲಿ ಜಾಗ ಇಲ್ಲ ಮಗಾ. ಆಚೆ ನಿಂತುಕೋ," ಎಂದಳು ಅಜ್ಜಿ. "ನಿನಗೆ ಎಲ್ಲಿಗೆ ಹೋಗಬೇಕು?"

ಬೋರ್ಡಿನ ಕೆಳಗೆ, ಕೊಡೆ ಹಿಡಿದು, ಬಸ್ಸಿಗೆ ಕಾಯುವವರ ಸಾಲಿನಲ್ಲಿ ನಿಂತೆ. ದೂರದಲ್ಲಿ ಮನೆಯ ಬಾಗಿಲಿನಿಂದ ಪದ್ಮಾಕ್ಷಿ ನೋಡಿದಳು.

"ಬಿಸಿಲಿಗೆ ಯಾಕೆ ನಿಂತದ್ದು? ಒಳಗೆ ಬಂದು ಕೂತುಕೊಳ್ಳಿ," ಎಂದು ಕರೆದಳು. "ಈಗ ಬಸ್ಸು ಬರ್ತದೆ. ಆಮೇಲೆ ನಿಮ್ಮ ಕೋಣೆ ಖಾಲಿಯಾಗ್ತದೆ. ಬರುವಾಗ ಮೆಣಸು ಒಮ್ಮೆ ಮಗುಚಿ ಹಾಕಿ ಬನ್ನಿ."